ಬೇಕಂತಲೇ

ದಕ್ಕೆಯಲ್ಲಿ ನನಗೆ ಬೆರಳು ಓದುವ ಕೆಲಸ.
ಬೆಳಿಗ್ಗೆ ನಾಲ್ಕೂವರೆಗೆ, ಐಸು ಪುಡಿಯಾಗುವ ಸದ್ದಿನಲ್ಲಿ
ಬಾಯಿಯ ಮಾತು ಯಾರಿಗೂ ಕೇಳುವುದಿಲ್ಲ.
ಒಂದು ಬೆರಳೆತ್ತಿದರೆ ನೂರು ಹೆಚ್ಚು,
ಹುಬ್ಬು ಹಾರಿದರೆ ಐವತ್ತು,
ಕಿವಿ ಕೆರೆದವನನ್ನು ಬಿಟ್ಟುಬಿಡಬೇಕು,
ಆದರೆ ಪದ್ದಕ್ಕ ಕಿವಿ ಕೆರೆದರೆ ಅದು ಇನ್ನೂರು.
ಇದೆಲ್ಲ ಎಲ್ಲಿಯೂ ಬರೆದಿಟ್ಟದ್ದಲ್ಲ.

ಆ ದಿನ ಒಂದು ಬುಟ್ಟಿ ಬಂಗುಡೆ,
ಸಾವಿರದ ಎಂಟುನೂರಕ್ಕೆ ಬಂದು ನಿಂತಿದ್ದೆ.
ಹಿಂದೆ, ಕೆಸರಿನ ಹೊಂಡ ತಪ್ಪಿಸಿ ನಿಂತಿದ್ದ
ಕನ್ನಡಕದ ಹೆಂಗಸಿನ ಕೈ ಮೇಲೆ ಹೋಯಿತು.
ಸಾವಿರದ ಒಂಬೈನೂರು, ಒಂದು ಸರ್ತಿ, ಎರಡು ಸರ್ತಿ,
ಮುಗಿಯಿತು.
ಕಾಗೆ ಓಡಿಸಿದ್ದಂತೆ!

ಜನ ನಕ್ಕರು. ಪದ್ದಕ್ಕ ಹೊಟ್ಟೆ ಹಿಡಿದುಕೊಂಡಳು.
ನಾನು ಬುಟ್ಟಿಯನ್ನು ಬೇರೆಯವರ ಕಡೆ ತಳ್ಳಲಿಕ್ಕೆ ಹೊರಟರೆ
ಆ ಮೇಡಂ ಪರ್ಸು ತೆಗೆದರು.
"ಕೈ ನನ್ನದೇ ಅಲ್ವಾ. ಎತ್ತಿದ್ದೂ ನಾನೇ.
ಕೊಂಡದ್ದು ನಾನಾ ಅಂತ ಮತ್ತೆ ನೋಡುವ."

ಹೆಸರು ಕ್ಲೊಟಿಲ್ಡಾ ತಾವ್ರೊ. ಜೆಪ್ಪುವಿನಲ್ಲಿ ಮನೆ.
ಮನುಷ್ಯ ಮಾಡುವುದು ಯಾವುದು, ಅವನಿಗೆ ಆಗುವುದು ಯಾವುದು,
ಇದನ್ನೇ ಮೂವತ್ತು ವರ್ಷದಿಂದ ಬರೆಯುವುದಂತೆ,
ಇಷ್ಟು ದಪ್ಪದ ಪುಸ್ತಕ, ಜರ್ಮನಿಯಲ್ಲೆಲ್ಲ ಓದುತ್ತಾರಂತೆ.
"ಅದಕ್ಕೆ ಸಂಬಳ ಉಂಟಾ?" ಕೇಳಿದೆ.
"ಉಂಟು, ವಾರಕ್ಕೊಂದು ಬುಟ್ಟಿಗೆ ಸಾಲುವಷ್ಟಿಲ್ಲ."

ಆಮೇಲೆ ಬುಧವಾರ ಬುಧವಾರ ಬರಲಿಕ್ಕೆ ಶುರು.
ಕೈ ಎರಡೂ ಕೊಡೆಯ ಹಿಡಿಯ ಮೇಲೆ ಗಟ್ಟಿ.
ಏಲಂ ಮುಗಿದು ಚಾ ಕುಡಿಯುವಾಗ ಪ್ರಶ್ನೆ:
ಪದ್ದಕ್ಕನ ಕಿವಿಗೆ ನಿಜವಾಗಿ ತುರಿಕೆಯಾದರೆ?
ಎರಡಕ್ಕೂ ಮೂರಕ್ಕೂ ನಡುವೆ ನೀವು ಉಸಿರು ಎಳೆಯುತ್ತೀರಲ್ಲ,
ಅದು ಉಸಿರಾಟವಾ, ಆಸೆ ಹುಟ್ಟಿಸುವುದಾ?
ಮರುದಿನ ನನಗೆ ಉಸಿರೆಳೆಯಲಿಕ್ಕೇ ನಾಚಿಕೆ.

ಒಮ್ಮೆ ಹೇಳಿದರು: ಬೇಕಂತಲೇ ಅನ್ನುತ್ತೇವಲ್ಲ,
ಒಳಗೆ ಯಾರೋ ಕೂತು ಬೇಕು ಅಂದು
ಆಮೇಲೆ ಕೈ ಹೊರಡುತ್ತದೆ ಅಂದುಕೊಳ್ಳುತ್ತೇವೆ.
ಒಳಗೆ ಹೋಗಿ ನೋಡಿ,
ಯಾರೂ ಇಲ್ಲ, ಚಾಪೆ ಕೂಡ ಹಾಸಿಲ್ಲ.
ಬೇಕು ಅನ್ನುವುದು ಕೈ ಹೋಗುವ ರೀತಿಯಲ್ಲೇ ಉಂಟು,
ಬಲೆಯಲ್ಲಿ ಗಂಟು ಇದ್ದ ಹಾಗೆ.
ಬಿಚ್ಚಿ ಬೇರೆ ಇಡುತ್ತೇನೆ ಅಂದರೆ
ಕೈಗೆ ಸಿಗುವುದು ನೂಲು.

ಆಗ ನನ್ನ ಬಾಯಿಂದ ಬಿದ್ದುಹೋಯಿತು.
ಹೇಳಬೇಕು ಅಂತ ಇರಲಿಲ್ಲ.
ಹನ್ನೊಂದು ವರ್ಷದ ಹಿಂದೆ, ಬೋಟಿನಲ್ಲಿ,
ವಿಂಚಿನ ಹಿಡಿ ನನ್ನ ಕೈಯಲ್ಲಿ.
ಲತೀಶ, ನನ್ನ ತಮ್ಮ, ಹಗ್ಗ ಸರಿಮಾಡಲಿಕ್ಕೆ ಬಗ್ಗಿದ.
ಹಿಂದಿನ ರಾತ್ರಿ ಜಗಳವಾಗಿತ್ತು, ಪಾಲಿನ ವಿಷಯ.
ಹಿಡಿ ಕೆಳಗೆ ಹೋಯಿತು.
ಒತ್ತಿದೆ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ,
ಹೋಯಿತು ಅನ್ನಲಿಕ್ಕೆ ನಾಲಿಗೆ ಏಳುವುದಿಲ್ಲ.
ಅವನ ಬಲಗೈಯಲ್ಲೀಗ ಮೂರೇ ಬೆರಳು.
ಯಾರನ್ನೋ ಕರೆಯಲಿಕ್ಕೆ ಕೈಯೆತ್ತಿದರೂ
ಗೊತ್ತಿಲ್ಲದ ಏಲಂನವರು ಮುನ್ನೂರು ಅಂತ ಕೂಗುತ್ತಾರೆ.

ಮೇಡಂ ಗ್ಲಾಸು ಕೆಳಗಿಟ್ಟರು.
"ತಮ್ಮನನ್ನು ಕೇಳಿದ್ದೀರಾ?"
ಕೇಳಿದ್ದೇನೆ. ಒಂದೇ ಸಲ, ತಣ್ಣೀರುಬಾವಿಗೆ ದಾಟುವ ದೋಣಿಯಲ್ಲಿ.
"ನೀನು ಬೇಕಂತ ಮಾಡಿದ್ದಲ್ಲ, ಗೊತ್ತುಂಟು" ಅಂದ.
"ಅದೇ ತೊಂದರೆ ಮಾರಾಯ. ಬೇಕಂತ ಮಾಡಿದ್ದರೆ
ಕ್ಷಮಿಸಲಿಕ್ಕೆ ಒಬ್ಬನಾದರೂ ಸಿಗುತ್ತಿದ್ದ."

ಅವರು ಏನೂ ಹೇಳಲಿಲ್ಲ. ಪೆನ್ನು ತೆಗೆದರು,
ಮುಚ್ಚಳ ಬಿಚ್ಚಿದರು, ಮತ್ತೆ ಹಾಕಿದರು.
ಬರೆಯದೆ ಇರುವುದೂ ಒಂದು ಕೆಲಸವೇ ಅಂತ
ಅವರ ಪುಸ್ತಕದಲ್ಲಿ ಇರಬಹುದು, ನಾನು ಓದಿಲ್ಲ.
ನಾಲ್ಕು ಬಂಗುಡೆ ಕಟ್ಟಿಸಿಕೊಂಡು
ಹಂಪನಕಟ್ಟೆಯ ಕಡೆ ನಡೆದರು.

ಕೊಡೆ ಇಲ್ಲಿಯೇ ಉಂಟು, ಕಂಬದ ಮೊಳೆಯಲ್ಲಿ.
ಎರಡು ಬುಧವಾರ ಆಯಿತು.
ಮರೆತದ್ದಾ, ಬಿಟ್ಟದ್ದಾ, ಪದ್ದಕ್ಕ ಪಂಥ ಕಟ್ಟುತ್ತಾಳೆ.
ಇವತ್ತು ಹನಿ ಬಿದ್ದಾಗ ಲತೀಶ ಅದನ್ನು ಬಿಡಿಸಿ
ಮೂರು ಬೆರಳಲ್ಲಿ ಎತ್ತಿ, ಮೀನಿನ ಬುಟ್ಟಿಗೆ ಅಡ್ಡ ಹಿಡಿದ.
ಒಂದು ಬದಿ ನನ್ನ ತಲೆಯ ಮೇಲೂ ಬಂತು.
ಬಂತಾ, ತಂದನಾ,
ನಾನು ತಿರುಗಿ ನೋಡಲಿಲ್ಲ.
ಸಾವಿರದ ಇನ್ನೂರು, ಅಂದೆ.