ಹಸಿ ಅಲ್ಲ

ಈ ಬಜಾರ ನಾ ಮೊದಲ ನೋಡಿದ್ದು ಮ್ಯಾಲಿಂದ.
ಕಂಬದ ತುದಿಗೆ ಬೆಲ್ಟ್ ಬಿಗದು, ಸುಟ್ಟ ವಾಯರ ಕತ್ತರಿಸಿಕೊಂತ
ಕೆಳಗ ಕಣ್ಣು ಹಾಯಿಸಿದರ
ಶಿವಮೊಗ್ಗದ ಗಾಂಧಿ ಬಜಾರ ಅನ್ನೂದು
ಬರೇ ನೀಲಿ ತಾಡಪಾಲು, ತೂತುಬಿದ್ದ ಛತ್ರಿ,
ತನ್ನಷ್ಟಕ್ಕ ತಾನ ನಡಕೊಂತ ಹೊಂಟ ಒಂದು ಬುಟ್ಟಿ.
ಬುಟ್ಟಿ ಬುಡಕ ಮನುಷ್ಯಾ ಇದ್ದಾನಂತ
ಇಳದ ಮ್ಯಾಲ ಗೊತ್ತಾತು.

ಲಿಂಗಸುಗೂರ ಕಡೆಯಾಂವ. ಲೈನ್‌ಮನ್ ನೌಕರಿ.
ಊರಿಗೆ ಬಂದು ಇಪ್ಪತ್ತೆರಡು ದಿನ.

ಐತಾರ ಚೀಲ ಹಿಡಕೊಂಡು ನೆಲದ ಮ್ಯಾಲ ಬಂದೆ.
ಹನ್ನೊಂದು ಸಾವಿರ ವೋಲ್ಟಿಗೆ ಅಂಜದಾಂವ
ಒಬ್ಬಾಕಿ ಮೊಣಕೈಗೆ ಅಂಜಿ ಗ್ವಾಡಿಗೆ ಹತ್ತಿದೆ.
ಹಿಂದಿನಿಂದ ಕೈಗಾಡಿ, ಮುಂದಿನಿಂದ ಸ್ಕೂಟರ್,
ಸ್ಕೂಟರಿನ ಕಾಲಾಗ ಬಾಳಿಗೊನಿ,
ಗೊನಿಗೆ ಮೂಗು ಹಚ್ಚಿದ ಆಕಳ.
ಆಕಳಿಗೆ ಯಾರೂ ಹಾರ್ನ್ ಹೊಡೀಲಿಲ್ಲ. ನನಗ ಹೊಡದರು.

ಇಲ್ಲಿ ಉಳ್ಳಾಗಡ್ಡಿ ಈರುಳ್ಳಿ ಆಗೇತಿ.
'ಪಲ್ಲೆ ಹೆಂಗ ಕಟ್ಟು?' ಅಂದರ
'ಪಲ್ಯ ಮನೇಲಿ ಮಾಡ್ಕೋಬೇಕು ಕಣಪ್ಪ, ಇಲ್ಲಿ ಸೊಪ್ಪು ಅಷ್ಟೇ' ಅಂದರು.
ಕೆಲವಕ್ಕ ನಮ್ಮ ಬಾಯಾಗ ಹೆಸರ ಇಲ್ಲ.
ಬಿದಿರಿನ ಎಳೇ ಮೊಳಕಿ ನೀರಾಗ ಮುಳುಗಿಸಿ ಕಳಲೆ ಅಂದರು.
ಆನಿ ಕಿವಿಯಂಥ ಎಲಿ ಸುರುಳಿ ಸುತ್ತಿ ಕೆಸು ಅಂದರು,
ಸರಿಯಾಗಿ ಬೇಯಿಸದಿದ್ರೆ ಗಂಟಲು ತುರಿಸುತ್ತೆ, ನೋಡ್ಕೊ, ಅಂದರು.
ಮತ್ತ ಯಾಕ ಮಾರತೀರಿ ಅಂತ ನಾ ಕೇಳಲಿಲ್ಲ.

ನನಗ ಬೇಕಾಗಿದ್ದು ಒಂದ, ಚಾದಾಗ ಹಾಕಾಕ.
ಹೂವಿನ ಮಾರುಕಟ್ಟಿ ತಿರುವಿನಾಗ ಗೋಣಿಚೀಲ ಹಾಸಿ ಕುಂತಿದ್ದಳು
ಹಾಲಮ್ಮ (ಹೆಸರು ಆಮ್ಯಾಲ ಗೊತ್ತಾತು).
ಆಕಿ ತಕ್ಕಡಿಯೊಳಗ ಅದು ಮಲಗಿತ್ತು:
ಮಣ್ಣು ಮೆತ್ತಿದ ಬೆರಳು, ಬೆರಳಿಗೆ ಮತ್ತ ಬೆರಳು.

'ಅಲ್ಲ ಕೊಡ್ರಿ.'
'ಏನಲ್ಲ?'
'ಅಲ್ಲರಿ. ಹಸಿ ಅಲ್ಲ.'
'ಹಸೀನೇ ಕಣಪ್ಪ! ಬೆಳಿಗ್ಗೆ ಕಿತ್ತಿದ್ದು, ಮಣ್ಣು ನೋಡು.'
'ಹೌದ್ರಿ, ಅದ. ಅಲ್ಲ.'
'ಹೌದೋ ಅಲ್ವೋ, ಒಂದು ಹೇಳು ಮಾರಾಯ!'

ನಿಂಬಿಹಣ್ಣಿನಾಂವ ಎದ್ದು ಬಂದ.
ಹೂ ಕಟ್ಟಾಕಿ ಕೈಯಾಗ ದಾರ ನಿಂತಿತು.
ಕೂಸಿನಂಗ ಬೆರಳು ಮಾಡಿ ತೋರಿಸಿದೆ.
'ಅಯ್ಯೋ, ಶುಂಠಿ!'
ನಗಿ ಅಂಗಡಿಯಿಂದ ಅಂಗಡಿಗೆ ಹೋತು.
ಕೆಟ್ಟ ನಗಿ ಏನಿರಲಿಲ್ಲ. ಆದರೂ
ಲೋಡ್ ಜಾಸ್ತಿಯಾದ ವಾಯರಿನಂಗ ಕಿವಿ ಕಾದವು.
ಹಾಲಮ್ಮ ತೂಗಿದಳು. ಮ್ಯಾಲೊಂದು ತುಂಡು ಮುರದು ಹಾಕಿ
'ಇದು ಅಲ್ಲ' ಅಂದಳು, 'ಲೆಕ್ಕಕ್ಕೆ ಅಲ್ಲ.'

ತಿಂಗಳ ಮ್ಯಾಲ ಒಂದು ಸಂಜಿ, ಇಡೀ ಬಜಾರಕ್ಕ ಕರೆಂಟ್ ಹೋತು.
ಕಂಬ ಏರಿದೆ. ಕೆಳಗ ಮೊಬೈಲ್ ಬೆಳಕು, ಬೈಗುಳ,
ಯಾರದೋ ಉರುಳಿಬಿದ್ದ ತೆಂಗಿನಕಾಯಿ ಸಪ್ಪಳ.
ಕತ್ತಲಾಗ ಬಜಾರ ಬರೇ ಹೆಸರಾಗಿತ್ತು,
ಮೊಗೇಕಾಯಿ ಮೂವತ್ತು, ಹರಿವೆ ಹತ್ತು,
ಯಾವ ಹೆಸರಿಗೆ ಯಾವ ಬಣ್ಣಂತ ಈಗ ನನಗ ಕಾಣತಿತ್ತು.
'ಯಾರೋ ಅದು ಮೇಲೆ?' ಅಂತ ಒಬ್ಬ ಕೇಳಿದ.
'ನಮ್ಮ ಅಲ್ಲದ ಹುಡುಗ' ಅಂದಳು ಹಾಲಮ್ಮ.

ನಮ್ಮಾಂವ ಅಂದಳೋ,
ನಮ್ಮಾಂವ ಅಲ್ಲದಾಂವ ಅಂದಳೋ,
ಇಳದು ಕೇಳೂಣಂದರ ಕೈ ಖಾಲಿ ಇರಲಿಲ್ಲ.
ಫ್ಯೂಸ್ ಹಾಕಿದೆ. ಕೆಳಗ ಟೊಮೆಟೊ ಕೆಂಪಾದವು.

ರಾತ್ರಿ ಅಕ್ಕ ಫೋನ್ ಹಚ್ಚಿದಳು.
'ಏನ್ ಮಾಡಾಕತ್ತಿ?'
'ಶುಂಠಿ ಜಜ್ಜಾಕತ್ತೀನಿ.'
ಆ ಕಡೆ ಗಪ್ಪಾತು.
ನಮ್ಮೂರಾಗ ಅದು ಒಣಗಿದ ಮ್ಯಾಲ ಅಷ್ಟ ಶುಂಠಿ,
ಡಬ್ಬಿಯೊಳಗ ಇರತೈತಿ, ಕೆಮ್ಮಿದರ ಹೊರಗ ಬರತೈತಿ.
'ಶುಂಠಿ ಯಾಕೋ? ಜ್ವರ ಬಂದಾವೇನು? ಹೇಳಬಾರದೇನು?'
ಒಲಿ ಮ್ಯಾಲ ಚಾ ಉಕ್ಕಿ ಬಂತು.
'ಅಲ್ಲಬೇ ಯಕ್ಕಾ,' ಅಂದೆ, 'ಅಲ್ಲ.'