ಹದಿಮೂರು ಗ್ರಾಂ ಹೊತ್ತು

ಮನಾಮದಲ್ಲಿ ಇಳಿಜಾರು ಸಿಗುವುದಿಲ್ಲ.
ಅರ್ಧ ಊರು ಸಮುದ್ರಕ್ಕೆ ಮಣ್ಣು ಸುರಿದು ತಟ್ಟಿ ಕೂರಿಸಿದ್ದು,
ದೋಸೆಕಾವಲಿಯಷ್ಟು ಮಟ್ಟ.
ಬಿದ್ದ ನಾಣ್ಯ ಬಿದ್ದಲ್ಲೇ ಇರುತ್ತದೆ
ಯಾರಾದರೂ ಬಗ್ಗುವ ತನಕ.

ಹಾಗಾಗಿ ನುಸೈಬಾ ಇಳಿಜಾರನ್ನು ಹೊತ್ತುಕೊಂಡೇ ಬಂದಳು:
ಕೆಡವಿದ ಕಟ್ಟಡದ ಕಿಟಕಿಯ ಅಲ್ಯುಮಿನಿಯಂ ಚಾನೆಲ್, ಎರಡು ಮೀಟರ್,
ಚಿನ್ನದ ಸೂಕಿನ ಮೂರು ಮಹಡಿಯ ತಿರುವಿನಲ್ಲೆಲ್ಲ
ಗೋಡೆಗೆ ಢಣ್ ಢಣ್ ಬಡಿಸುತ್ತ.
"ಗುಂಡು ಉರುಳಬೇಕು, ಹೊತ್ತು ಅಳೆಯಬೇಕು,
ಗಡಿಯಾರ ಮುಟ್ಟಬಾರದಂತೆ. ಫೋನೂ."
ಕೆಳಗೆ ಅವಳಪ್ಪ ಇದಿನಬ್ಬ, ಉಳ್ಳಾಲದವನು, ವಾಚ್ ರಿಪೇರಿ,
ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಅಂದನಂತೆ:
"ಹಾಗಾದರೆ ನನ್ನಿಂದ ಏನಾಗಬೇಕು?
ಮೇಲೆ ಹೋಗು. ಶೇಟರ ಹತ್ತಿರ ತಕ್ಕಡಿ ಇದೆ."

ಶುಕ್ರವಾರ. ಯಜಮಾನರಿಲ್ಲ. ಕುಲುಮೆ ಆರಿದೆ.
ಎಸಿಯ ಬೆವರು ಪೇಂಟಿನ ಡಬ್ಬಿಗೆ ತೊಟ್ಟಿಕ್ಕುತ್ತಿದೆ,
ಆಗಸ್ಟಿನಲ್ಲಿ ನಮಗೆ ಬೀಳುವ ಮಳೆ ಅದೊಂದೇ.
ಡಬ್ಬಿಯ ಬುಡಕ್ಕೆ ತೂತು ಕೊರೆದು
ನನ್ನ ಹಳೆಯ ಊದುಗೊಳವೆ ಸಿಕ್ಕಿಸಿದೆ, ಸಂದಿಗೆ ಅರಗು.
ಕುಮಟೆಯಲ್ಲಿ ಸೋದರಮಾವ ಕೊಟ್ಟದ್ದು.
ನಲವತ್ತು ವರ್ಷ ನನ್ನ ಉಸಿರು ಹೋದ ದಾರಿಯಲ್ಲಿ
ಈಗ ನೂಲಿನಂತೆ ನೀರು.

ಚಾನೆಲಿನ ಒಂದು ತುದಿಗೆ ಎರಡು ಲೆಕ್ಕದ ಪುಸ್ತಕ, ಅಷ್ಟೇ ಎತ್ತರ.
ತಗಡು ಎಳೆಯುವ ಯಂತ್ರದ ಬೇರಿಂಗಿನಿಂದ ಉಕ್ಕಿನ ಗುಂಡು.
ಅವಳು ಗುಂಡಿನಿಂದ ಬೆರಳು ತೆಗೆದಾಗ
ನಾನು ಗೊಳವೆಯ ಬಾಯಿಂದ ತೆಗೆಯಬೇಕು,
ಕೊನೆಯಲ್ಲಿಟ್ಟ ತಟ್ಟೆ ಟಿಂಗ್ ಅಂದಾಗ ಮುಚ್ಚಬೇಕು.
ನಡುವೆ ಬಟ್ಟಲಿಗೆ ಬಿದ್ದ ನೀರೇ ಹೊತ್ತು.

ತೂಗಿದೆ.
ಹದಿಮೂರು ಗ್ರಾಂ, ಮೇಲೆ ಒಂದು ಚೂರು.
ಮತ್ತೊಮ್ಮೆ. ಹದಿಮೂರೇ.
"ಈಗ ಕಾಲು ದಾರಿ ಮಾತ್ರ," ಅಂದಳು.
ಕಾಲು ದಾರಿಗೆ ಕಾಲು ನೀರು: ನನ್ನ ಅಂದಾಜು ಮೂರು ಚಿಲ್ಲರೆ.
ತಕ್ಕಡಿ ಆರೂವರೆ ಅಂದಿತು.
ಬಟ್ಟಲು ಒರೆಸಿ, ಸೊನ್ನೆಗೆ ತಂದು, ಮತ್ತೆ ತೂಗಿದೆ.
ಆರೂವರೆ.
ತಕ್ಕಡಿಯನ್ನು ನಾನು ಅನುಮಾನಿಸಿದ್ದು ಅದೇ ಮೊದಲು.

"ಸರಿಯಾಗೇ ಇದೆ ಮಾಮ.
ಮೊದಲ ಕಾಲಿಗೆ ಅರ್ಧ ಹೊತ್ತು,
ಉಳಿದ ಮುಕ್ಕಾಲಿಗೆ ಉಳಿದರ್ಧ.
ಅದಕ್ಕೆ ಹೊರಡುವುದೇ ನಿಧಾನ."
ಇಲ್ಲಿಗೆ ಬಂದ ಮೊದಲ ವರ್ಷದ ಒಂದೊಂದು ಸಂಜೆಯೂ ನನಗೆ ಗೊತ್ತು;
ಆಮೇಲಿನ ಇಪ್ಪತ್ತು ವರ್ಷ ಕೇಳಿದರೆ ತಡವರಿಸುತ್ತೇನೆ.
ಬಾಯಿ ಬಿಡಲಿಲ್ಲ. ಅದು ಪ್ರಯೋಗದಲ್ಲಿ ಬರುವುದಿಲ್ಲ.

ಐದನೆಯ ಸಲ ಅಸರ್ ಬಾಂಗಿನ ಹೊತ್ತಿಗೆ ಹದಿನೈದು ತೂಗಿತು.
"ಹೊಡೆದುಹಾಕು," ಅಂದೆ.
"ಬರೆಯಲೇಬೇಕು. ಯಾಕೆಂದೂ ಬರೆಯಬೇಕು."
ಬರೆದಳು: ಶೇಟ್ ಮಾಮ ಕಿಟಕಿಯಾಚೆ ನೋಡುತ್ತಿದ್ದರು.

ನನ್ನ ಲೆಕ್ಕದ ಪುಸ್ತಕದಲ್ಲಿ ಅಂಥ ಕಲಮಿಲ್ಲ.
ಹೆಚ್ಚಾದರೆ ಯಾರದೋ ಬಂದಿದೆ, ಕಡಿಮೆಯಾದರೆ ನಾನು ತಿಂದಿದ್ದೇನೆ.
ನಡುವೆ ಒಂದು ಇಕ್ಕಟ್ಟಾದ ಸಾಲು, ತೇಮಾನು:
ಅರದ ಹಲ್ಲಿಗೆ, ಬೆಂಕಿಗೆ, ಬೆರಳ ಗೆರೆಗೆ ಹೋದದ್ದು.
"ನಮ್ಮಲ್ಲಿ ಅದಕ್ಕೆ ಘರ್ಷಣೆ ಅಂತಾರೆ," ಅಂದಳು
ಹದಿಮೂರರ ಮೇಲಿನ ಆ ಚೂರನ್ನು ತೋರಿಸಿ.

ಬಟ್ಟಲುಗಳನ್ನು ಬೇಸಿನ್ನಿಗೆ ಬಗ್ಗಿಸಹೋದಳು. ಕೈ ಹಿಡಿದೆ.
ಇಲ್ಲಿ ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ ಮಗಾ,
ಆ ನೀಲಿ ಡ್ರಮ್ಮಿಗೆ ಹಾಕು,
ವರ್ಷಕ್ಕೊಮ್ಮೆ ಸೋಸಿದರೆ ತಳದಲ್ಲಿ
ಎರಡು ಗುಲಗಂಜಿ ತೂಕ ಸಿಕ್ಕರೂ ಸಿಕ್ಕೀತು.
ದೊಡ್ಡ ಹೊತ್ತು, ಸಣ್ಣ ಹೊತ್ತು, ನಾನು ಕಿಟಕಿ ನೋಡಿದ ಹೊತ್ತು,
ಒಂದೊಂದಾಗಿ ಸುರಿದಳು.

ಚಾನೆಲ್ ಮತ್ತೆ ಢಣ್ ಢಣ್ ಅನ್ನುತ್ತ ಇಳಿಯಿತು,
ಹತ್ತುವಾಗಿಗಿಂತ ಬೇಗ.
ಕೆಳಗಿನಿಂದ ಇದಿನಬ್ಬನ ದನಿ:
"ಎಷ್ಟು ಹೊತ್ತು ಮಾಡಿದೆ!"
"ಹದಿಮೂರು ಗ್ರಾಂ!"