ಮೆಲ್ಲಗೆ ಎಬ್ಬಿಸುವ ಪೆಟ್ಟಿಗೆ

ರಾತ್ರಿ ಹನ್ನೊಂದೂವರೆಗೆ ಮಂಜೇಶ್ವರದ ಐಸ್ ಪ್ಲಾಂಟಿನಿಂದ ಫೋನು:
"ಮೋಟರು ಏಳುದಿಲ್ಲ. ಮೂರು ಸಲ ಕೊಟ್ಟೆ.
ಮೂರು ಸಲವೂ ಕೆಂಪು."
ನಾಲ್ಕನೆಯದು ಕೊಡಬೇಡ, ಅಂದೆ.
ಬಿಸಿಯಾದದ್ದು ಮೊದಲು ತಣಿಯಲಿ.

ಸ್ಕೂಟರಿನ ಮುಂದೆ ಮೆಗ್ಗರು, ಹಿಂದೆ ಫಾರಿಸ್,
ಅವನ ತೊಡೆಯ ಮೇಲೆ ಸ್ಪ್ಯಾನರಿನ ಚೀಲ.
ಹೊಸಂಗಡಿಯಲ್ಲಿ ಗೇಟು ಹಾಕಿತ್ತು.
ಗೂಡ್ಸು ದಾಟುವವರೆಗೆ ಅವನಿಗೆ ಪಾಠ:

ಮೊದಲು ಸ್ಟಾರ್ ಡೆಲ್ಟಾ ಇತ್ತು ಮಾರಾಯ,
ಐತಪ್ಪಣ್ಣನ ಕಾಲದ್ದು. ಹಿಡಿ ಎಳೆದರೆ ಧಡ್ ಅಂತ
ಬೀದಿಯ ಬಲ್ಬೆಲ್ಲ ಒಮ್ಮೆ ಕಣ್ಣು ಮುಚ್ಚಿ ತೆರೆಯುವುದು.
ಈಗಿನದು ಸಾಫ್ಟ್ ಸ್ಟಾರ್ಟರು:
ವೋಲ್ಟೇಜನ್ನು ಗಂಜಿಯ ಹಾಗೆ
ಚಮಚ ಚಮಚ ಕುಡಿಸಿ ಎಬ್ಬಿಸುತ್ತದೆ.
"ಮತ್ತೆ ಯಾಕೆ ಏಳುದಿಲ್ಲ?"
ಅದಕ್ಕೇ ಅಲ್ವಾ ಹೋಗುವುದು.

ಒಳಗೆ ಅಮೋನಿಯಾ ಮೂಗು ಚಿವುಟಿತು.
ಉಪ್ಪುನೀರಿನ ತೊಟ್ಟಿಯಲ್ಲಿ ಸಾಲು ಸಾಲು ಕ್ಯಾನು,
ಅರ್ಧ ನೀರು, ಅರ್ಧ ಐಸು, ಯಾವುದೂ ಪೂರ್ತಿ ಅಲ್ಲ.
ನಾಲ್ಕಕ್ಕೆ ಬೋಟಿನವರು ಬರುತ್ತಾರೆ.
ಆಪರೇಟರು ಚನಿಯಪ್ಪ
ನನ್ನ ಮುಖ ನೋಡದೆ ಟಾರ್ಚು ಹಿಡಿದ.

ಲೈನು ನೋಡಿದೆ: ನಾನೂರ ಹದಿನೈದು, ಹನ್ನೆರಡು, ಹದಿನಾಲ್ಕು.
ಮೇನ್ ಇಳಿಸಿ ಬೀಗ ಹಾಕಿ ಕೀಲಿ ನನ್ನ ಕಿಸೆಗೆ.
ಮೋಟರಿನ ತಂತಿ ಬಿಡಿಸಿ ಮೆಗ್ಗರು ತಿರುಗಿಸಿದೆ,
ವೈಂಡಿಂಗ್ ಒಳ್ಳೆಯದುಂಟು.
ಥೈರಿಸ್ಟರು ಮೂರು ಜೋಡಿಗೂ ಮೀಟರು ಇಟ್ಟೆ,
ಒಂದೂ ಶಾರ್ಟಾಗಿಲ್ಲ.
ಉಪ್ಪುಗಾಳಿಗೆ ಹಸಿರು ಹಿಡಿದ ಒಂದು ಲಗ್ಗು:
ಉಜ್ಜಿ ಬಿಗಿ ಮಾಡಿದೆ. ಅದು ಪಾಪದ್ದು.

ಪೆಟ್ಟಿಗೆಯ ಪುಟ್ಟ ಪರದೆ ಹೇಳುತ್ತಲೇ ಇತ್ತು,
ಏಳಲಿಕ್ಕೆ ತಡವಾಯ್ತು, ತಡವಾಯ್ತು.
ಅದನ್ನೇ ಸುಳ್ಳುಗಾರನೆಂದು ಇವರು
ರೀಸೆಟ್ ಒತ್ತಿದ್ದೇ ಒತ್ತಿದ್ದು.

ಸೆಟ್ಟಿಂಗು ತೆರೆದೆ.
ನಾನು ಇಟ್ಟು ಹೋದದ್ದು ಮೂರೂವರೆ ಪಟ್ಟು ಕರೆಂಟು,
ಹನ್ನೆರಡು ಸೆಕೆಂಡು.
ಈಗ ಎರಡೂಕಾಲು. ನಲವತ್ತು ಸೆಕೆಂಡು.
ಯಾರು ಮುಟ್ಟಿದ್ದು?
ಟಾರ್ಚಿನ ಬೆಳಕು ನೆಲಕ್ಕಿಳಿಯಿತು.

"ಹಿಂದಿನ ಮನೆ ಲಿಲ್ಲಿಬಾಯಿಯ ಗಂಡನಿಗೆ
ಈಗ ಆಕ್ಸಿಜನ್ ಮಿಶಿನು.
ಇದು ಎದ್ದಾಗಲೆಲ್ಲ ಅದು ಕುಂಯ್ ಕುಂಯ್ ಅಂತದೆ.
ಅವಳು ಬಂದು ಜಗಳ ಮಾಡಿದ್ದರೆ ಆಗ್ತಿತ್ತು.
ಬಂದು ಸುಮ್ಮನೆ ಬಾಗಿಲಲ್ಲಿ ನಿಂತಳು."

ಬೈಯಲಿಕ್ಕೆ ತೆರೆದ ಬಾಯಿ
ಅಮೋನಿಯಾ ನುಂಗಿ ಮುಚ್ಚಿತು.

ಫಾರಿಸ್, ನೋಡಿಕೋ.
ಗಟ್ಟಿಯಾಗಿ ಎಬ್ಬಿಸಿದರೆ ಯಾರದೋ ಮನೆಯ ದೀಪ ಕುಗ್ಗುತ್ತದೆ.
ತೀರಾ ಮೆಲ್ಲಗಾದರೆ
ಏಳುವುದೂ ಇಲ್ಲ, ಮಲಗುವುದೂ ಇಲ್ಲ,
ನಿಂತಲ್ಲೇ ಕಾಯುತ್ತದೆ,
ತಾಮ್ರದ ವಾರ್ನಿಶು ಹೊಗೆಯಾಗುವವರೆಗೆ ಕಾಯುತ್ತದೆ.

ಆದರೆ ಎಂಟು ದಿನ ಇದೇ ಸೆಟ್ಟಿಂಗಿನಲ್ಲಿ ಎದ್ದದ್ದು
ಇವತ್ತು ಯಾಕೆ ಹಠ ಹಿಡಿಯಿತು?

ಕಂಟ್ರೋಲು ಸಪ್ಲೈ ಮಾತ್ರ ಕೊಟ್ಟು ಕಂಪ್ರೆಸರಿನ ಬಳಿ ಕೂತೆ.
ಸ್ಕ್ರೂಡ್ರೈವರಿನ ತುದಿ ಅನ್‌ಲೋಡರ್ ವಾಲ್ವಿಗೆ,
ಹಿಡಿ ನನ್ನ ಕಿವಿಗೆ.
ಟಕ್ ಅನ್ನಬೇಕಿತ್ತು.
ಅನ್ನಲಿಲ್ಲ.
ಎಣ್ಣೆಯ ಕೆಸರು ಕಟ್ಟಿ ಅಂಟಿ ಕೂತಿತ್ತು.
ಹೊರೆ ಇಳಿಸದೆ ಮಲಗಿದವನನ್ನು
ಏಳು ಏಳು ಅನ್ನುತ್ತಿದ್ದದ್ದು ನಾವು.

ಬಿಚ್ಚಿ, ತೊಳೆದು, ಊದಿ, ಕೂರಿಸಿದೆ.
ಕರೆಂಟು ಎರಡೂಮುಕ್ಕಾಲಿಗೆ ಇಟ್ಟೆ, ಹದಿನೆಂಟು ಸೆಕೆಂಡು.
ಫಾರಿಸನನ್ನು ಕಾಂಪೌಂಡಿನ ಹತ್ತಿರ ನಿಲ್ಲಿಸಿದೆ.
ಗುಂಡಿ ಒತ್ತಿದವನು ಚನಿಯಪ್ಪ; ನಾನು ಎಣಿಸಿದೆ.
ಮೊದಲು ಗುನುಗು. ಆಮೇಲೆ ಶಾಫ್ಟು, ಗಡಿಬಿಡಿಯಿಲ್ಲದೆ.
ಹದಿನೈದಕ್ಕೆ ಬೈಪಾಸು ಕೂತಿತು.

"ಜಗಲಿಯ ಬಲ್ಬು ಒಂಚೂರು ಅಲ್ಲಾಡಿತು!"
ಮಿಶಿನು?
"ಎಂತದೂ ಹೇಳಲಿಲ್ಲ."

ಎಲ್ಲ ಕ್ಯಾನೂ ನಾಲ್ಕಕ್ಕೆ ಗಟ್ಟಿಯಾಗಲಿಲ್ಲ.
ಒಂದು ಬೋಟಿನವ ಕುಂಬಳೆಗೆ ಹೋದ, ಬೈದುಕೊಂಡು.

ಬಿಲ್ಲಿನಲ್ಲಿ ವಾಲ್ವು ಕ್ಲೀನಿಂಗ್ ಅಂತ ಮಾತ್ರ ಬರೆದೆ.
ಪ್ಯಾನೆಲಿನ ಬಾಗಿಲ ಒಳಬದಿಗೆ, ಪೆನ್ಸಿಲಿನಲ್ಲಿ:
ಎರಡೂಮುಕ್ಕಾಲು. ಹದಿನೆಂಟು.
ಅದರ ಕೆಳಗೆ:
ಇನ್ನೂ ಇಳಿಸಬೇಡ, ಚನಿಯಪ್ಪ.
ಹಿಂದೆ ಮನೆ ಉಂಟೆಂದು ನನಗೂ ಗೊತ್ತುಂಟು.